ಯುಎಸ್‌ಬಿ–ಸೀರಿಯಲ್ ಕೇಬಲ್‌ನಲ್ಲಿ ಹಳೆಯ ಪಿಕ್ ಪ್ರೋಗ್ರಾಮರ್ ಓಡುತ್ತಿಲ್ಲ, ಯಾವ ಕೇಬಲ್ ಕೊಳ್ಳಲಿ?

ಪಂಪ್‌ಸೆಟ್_ಮೂಡಿಗೆರೆ

ಎಲ್ಲರಿಗೂ ನಮಸ್ಕಾರ. ಮೂಡಿಗೆರೆಯಲ್ಲಿ ನನ್ನದು ಮೋಟಾರು ರೀವೈಂಡಿಂಗ್ ಮತ್ತು ಸ್ಟಾರ್ಟರ್ ರಿಪೇರಿ ಅಂಗಡಿ. ಅದರ ಜೊತೆಗೆ ತೋಟದ ಪಂಪ್‌ಸೆಟ್‌ಗಳಿಗೆ ಸಣ್ಣದೊಂದು ಬೋರ್ಡ್ ಮಾಡಿಕೊಡುತ್ತೇನೆ. ಮೂರು ಫೇಸ್‌ಗಳಲ್ಲಿ ಒಂದು ಹೋದರೆ ಅದು ಮೋಟಾರನ್ನು ನಿಲ್ಲಿಸುತ್ತದೆ, ಕೆರೆಯ ನೀರು ಫುಟ್‌ವಾಲ್ವ್‌ಗಿಂತ ಕೆಳಗಿಳಿದರೂ ನಿಲ್ಲಿಸುತ್ತದೆ, ಕರೆಂಟು ಬಂದ ಮೇಲೆ ಸ್ವಲ್ಪ ಹೊತ್ತು ತಡೆದು ತಾನೇ ಚಾಲೂ ಮಾಡುತ್ತದೆ. ಒಳಗಿರುವ ಚಿಪ್ ಪಿಕ್ 16ಎಫ್84ಎ. ಪ್ರೋಗ್ರಾಂ ಬರೆದುಕೊಟ್ಟವರು ನನ್ನ ಸೋದರಮಾವ. ಅವರು ಈ ಕೆಲಸ ಬಿಟ್ಟು ಬಹಳ ಕಾಲವಾಯಿತು, ನನ್ನ ಬಳಿ ಉಳಿದಿರುವುದು ಹೆಕ್ಸ್ ಫೈಲ್ (ಚಿಪ್‌ಗೆ ತುಂಬಲು ಸಿದ್ಧವಾದ ರೂಪ) ಮಾತ್ರ.

ಇದುವರೆಗೆ ಅಂಗಡಿಯ ಹಳೆಯ ಡೆಸ್ಕ್‌ಟಾಪ್‌ನಲ್ಲಿ ಐಸಿ-ಪ್ರಾಗ್ ಎಂಬ ತಂತ್ರಾಂಶ ಹಾಕಿಕೊಂಡು, ಹಿಂಬದಿಯ ಒಂಬತ್ತು ಪಿನ್ನಿನ ಪೋರ್ಟ್‌ಗೆ ಜೆಡಿಎಂ ಪ್ರೋಗ್ರಾಮರ್ ಸಿಕ್ಕಿಸಿ ಚಿಪ್ ಬರ್ನ್ ಮಾಡುತ್ತಿದ್ದೆ, ಅಂದರೆ ಅದಕ್ಕೆ ಪ್ರೋಗ್ರಾಂ ತುಂಬುತ್ತಿದ್ದೆ. ಹೋದ ಮಳೆಗಾಲಕ್ಕೆ ಮುಂಚಿನ ಸಿಡಿಲಿಗೆ ಅದರ ಮದರ್‌ಬೋರ್ಡ್ ಸುಟ್ಟುಹೋಯಿತು. ಈಗ ಲ್ಯಾಪ್‌ಟಾಪ್ ಇದೆ, ಅದರಲ್ಲಿ ಸೀರಿಯಲ್ ಪೋರ್ಟ್ ಇಲ್ಲ. ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಕೇಬಲ್ ತರಿಸಿದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಕಾಮ್ 5 ಎಂದು ಸರಿಯಾಗಿಯೇ ತೋರಿಸುತ್ತದೆ. ಐಸಿ-ಪ್ರಾಗ್‌ನಲ್ಲಿ ‘ಡೈರೆಕ್ಟ್ ಐ/ಒ’ ಇಟ್ಟರೆ ಏನೂ ಆಗುವುದಿಲ್ಲ. ‘ವಿಂಡೋಸ್ ಎಪಿಐ’ ಇಟ್ಟರೆ ಬಹಳ ಹೊತ್ತು ನಡೆಸಿ, ಕೊನೆಗೆ 0000 ವಿಳಾಸದಲ್ಲೇ ವೆರಿಫೈ ವಿಫಲ ಎನ್ನುತ್ತದೆ. ಚಿಪ್ಪನ್ನು ಓದಿಸಿದರೆ ಉದ್ದಕ್ಕೂ 3ಎಫ್ಎಫ್ಎಫ್.

ರೊಬಸ್ಟಾ ತೋಟಗಳಲ್ಲಿ ಹೂವಿಗೆ ಸ್ಪ್ರಿಂಕ್ಲರ್ ಹಚ್ಚುವ ಕಾಲ ಹತ್ತಿರ ಬಂದಿದೆ. ಬೋರ್ಡ್ ಎಲ್ಲಿ ಎಂದು ತೋಟದ ಕೆಲಸ ನೋಡಿಕೊಳ್ಳುವ ರೈಟರುಗಳ ಫೋನ್ ನಿಲ್ಲುತ್ತಿಲ್ಲ. ಅಂಗಡಿಯವರನ್ನು ಕೇಳಿದರೆ ಒಬ್ಬರು ಎಫ್‌ಟಿಡಿಐ ಚಿಪ್ ಇರುವ ಕೇಬಲ್ ತೆಗೆದುಕೊಳ್ಳಿ ಎನ್ನುತ್ತಾರೆ, ಇನ್ನೊಬ್ಬರು ಸಿಎಚ್340 ಚಿಪ್‌ನದೇ ಸಾಕು ಎನ್ನುತ್ತಾರೆ. ಬೆಲೆಯಲ್ಲಿ ಬಹಳ ಅಂತರವಿದೆ. ದುಬಾರಿಯದನ್ನೇ ಕೊಂಡರೆ ಕೆಲಸ ಆಗುತ್ತದೆಯೇ?

ಕಳಸ_ಕನ್ಸೋಲ್

ಅಸಲಿ ಎಫ್‌ಟಿಡಿಐ ತೆಗೆದುಕೊಳ್ಳಿ, ಯೋಚಿಸಬೇಡಿ. ನಾನು ರೌಟರ್ ಕನ್ಸೋಲ್‌ಗೆ, ಆರ್ಡುಯಿನೊಗೆ, ಹಳೆಯ ತೂಕದ ಯಂತ್ರಕ್ಕೆ ಎಲ್ಲಕ್ಕೂ ಅದೊಂದನ್ನೇ ಬಳಸುತ್ತೇನೆ. ಒಮ್ಮೆಯೂ ಕೈಕೊಟ್ಟಿಲ್ಲ.

ಸಾಲಗಾಮೆ_ರಸ್ತೆ

ಮೂಡಿಗೆರೆಯವರೇ, ಕೇಬಲ್‌ಗೆ ಇನ್ನೊಂದು ರೂಪಾಯಿ ಹಾಕಬೇಡಿ. ಕಳಸದವರು ಹೇಳಿದ್ದು ಅವರ ಮಟ್ಟಿಗೆ ನಿಜ, ನಿಮ್ಮ ಮಟ್ಟಿಗೆ ಅಲ್ಲ. ನಾನು ಹಾಸನದಲ್ಲಿ ಒಂದು ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬ್ ನೋಡಿಕೊಂಡು ನಿವೃತ್ತನಾದವನು. ಲ್ಯಾಪ್‌ಟಾಪ್‌ಗಳು ಸೀರಿಯಲ್ ಪೋರ್ಟ್ ಬಿಟ್ಟ ಕಾಲದಿಂದ ಪ್ರಾಜೆಕ್ಟ್ ಹುಡುಗರು ಇದೇ ಪ್ರಶ್ನೆ ಹಿಡಿದುಕೊಂಡು ನನ್ನ ಮೇಜಿಗೆ ಬರುತ್ತಿದ್ದರು, ಸಾಮಾನ್ಯವಾಗಿ ಎರಡನೆಯ ಕೇಬಲ್ ಕೊಂಡ ಮೇಲೆ.

ಮೊದಲು ಒಂದು ವಿಷಯ ತಿಳಿಯಬೇಕು. ಜೆಡಿಎಂ ಪ್ರೋಗ್ರಾಮರ್ ಸೀರಿಯಲ್ ಪೋರ್ಟಿಗೆ ಸಿಕ್ಕಿಕೊಳ್ಳುತ್ತದೆಯೇ ಹೊರತು ಸೀರಿಯಲ್ ಭಾಷೆ ಆಡುವುದೇ ಇಲ್ಲ. ಬಾಡ್ ರೇಟ್ ಇಲ್ಲ, ಸ್ಟಾರ್ಟ್ ಬಿಟ್ ಇಲ್ಲ, ಒಂದು ಬೈಟ್ ಕೂಡ ಆ ತಂತಿಯಲ್ಲಿ ಹೋಗುವುದಿಲ್ಲ. ನಾಲ್ಕು ಪಿನ್ನುಗಳನ್ನು ಬರಿಯ ಸ್ವಿಚ್ಚುಗಳಂತೆ ಬಳಸಿಕೊಂಡಿದ್ದಾರೆ. 3ನೇ ಪಿನ್ ಟಿಎಕ್ಸ್‌ಡಿ: ಪಿಕ್‌ಗೆ ಬೇಕಾದ ಹೆಚ್ಚಿನ ವೋಲ್ಟೇಜು, ಅಂದರೆ ವಿಪಿಪಿ. 4ನೇ ಪಿನ್ ಡಿಟಿಆರ್: ಡೇಟಾ. 7ನೇ ಪಿನ್ ಆರ್‌ಟಿಎಸ್: ಕ್ಲಾಕ್. 8ನೇ ಪಿನ್ ಸಿಟಿಎಸ್: ಚಿಪ್ಪಿನಿಂದ ಹಿಂದಿರುಗಿ ಬರುವ ಡೇಟಾ. ಇವುಗಳನ್ನು ಒಂದೊಂದಾಗಿ ಎತ್ತಿ ಇಳಿಸುವ ಕೆಲಸವೆಲ್ಲ ಕಂಪ್ಯೂಟರಿನ ಪ್ರೋಗ್ರಾಮಿನದು. ಪ್ರೋಗ್ರಾಮರ್ ಎಂದು ನಾವು ಕರೆಯುವ ಆ ಬೋರ್ಡ್‌ನಲ್ಲಿ ಇರುವುದು ಕೆಲವು ಡಯೋಡ್, ಝೀನರ್ (ವೋಲ್ಟೇಜನ್ನು ಒಂದು ಮಟ್ಟದಲ್ಲಿ ಹಿಡಿದಿಡುವ ಡಯೋಡ್), ಎರಡು ಟ್ರಾನ್ಸಿಸ್ಟರ್, ಕೆಪಾಸಿಟರ್. ಅದಕ್ಕೆ ಬುದ್ಧಿ ಇಲ್ಲ, ಸ್ವಂತ ವಿದ್ಯುತ್ತೂ ಇಲ್ಲ. ಎರಡನ್ನೂ ಪೋರ್ಟಿನಿಂದ ಕಡ ತರುತ್ತದೆ. ಬಡ ವಿದ್ಯಾರ್ಥಿಯೂ ಮಾಡಿಕೊಳ್ಳಬಹುದಾಗಿದ್ದ ಜಾಣ ವಿನ್ಯಾಸ ಅದು, ಅದರ ಬಗ್ಗೆ ನನಗೆ ಗೌರವವೇ ಇದೆ. ಆದರೆ ಅದು ನಂಬಿಕೊಂಡಿದ್ದ ಪೋರ್ಟ್ ಈಗ ಇಲ್ಲ.

‘ಡೈರೆಕ್ಟ್ ಐ/ಒ’ ಏಕೆ ಸುಮ್ಮನಿತ್ತು ಎಂಬುದು ಸುಲಭ. ಹಳೆಯ ಕಾಮ್ 1 ಹೆಕ್ಸ್ 3ಎಫ್8 ಎಂಬ ವಿಳಾಸದಲ್ಲಿ ಇರುತ್ತಿತ್ತು, ಐಸಿ-ಪ್ರಾಗ್ ನೇರವಾಗಿ ಅಲ್ಲಿಗೇ ಬರೆಯುತ್ತಿತ್ತು. ಯುಎಸ್‌ಬಿ ಕೇಬಲ್‌ಗೆ ಅಂಥ ವಿಳಾಸವೇ ಇಲ್ಲ. ಸಾಲದ್ದಕ್ಕೆ 64 ಬಿಟ್ ವಿಂಡೋಸ್‌ನಲ್ಲಿ ಐಸಿ-ಪ್ರಾಗ್‌ನ ಡ್ರೈವರ್ ಕೂಡ ಏರುವುದಿಲ್ಲ.

ಎಪಿಐ ಮಾರ್ಗದಲ್ಲಿ ಪಿನ್ನುಗಳು ಅಲುಗಾಡುತ್ತವೆ, ಆದರೆ ಆಮೆಯ ವೇಗದಲ್ಲಿ. ಲೆಕ್ಕ ಹಾಕಿ ನೋಡಿ. 16ಎಫ್84ಎ ಚಿಪ್‌ನ ಒಂದು ವರ್ಡ್ (ಹದಿನಾಲ್ಕು ಬಿಟ್ಟಿನ ಒಂದು ಮನೆ) ಬರೆಯಲು ಡೇಟಾ ಕಳುಹಿಸಬೇಕು: ಆಜ್ಞೆಗೆ 6 ಕ್ಲಾಕ್, ಡೇಟಾಕ್ಕೆ 16. ಬರೆ ಎನ್ನಲು 6. ಓದಿ ಪರೀಕ್ಷಿಸಲು ಮತ್ತೆ 22. ಮುಂದಿನ ವಿಳಾಸಕ್ಕೆ ಹೋಗಲು 6. ಒಟ್ಟು 56 ಕ್ಲಾಕ್. ಪ್ರತಿ ಕ್ಲಾಕ್‌ಗೂ ಡೇಟಾ ಇಡು, ಕ್ಲಾಕ್ ಎತ್ತು, ಕ್ಲಾಕ್ ಇಳಿಸು ಎಂದು ಮೂರು ಅಲುಗಾಟ ಎಂದುಕೊಂಡರೆ 168. ಈ ಕೇಬಲ್‌ಗಳು ಬಳಸುವ ಯುಎಸ್‌ಬಿಯಲ್ಲಿ ಕಾಲವನ್ನು 1 ಮಿಲಿಸೆಕೆಂಡಿನ ಚೌಕಟ್ಟುಗಳಾಗಿ ಹಂಚಿರುತ್ತಾರೆ. ಒಂದು ಅಲುಗಾಟಕ್ಕೆ ಒಂದೇ ಚೌಕಟ್ಟು ಎಂದು ಉದಾರವಾಗಿ ಹಿಡಿದರೂ ಒಂದು ವರ್ಡ್‌ಗೆ ಸುಮಾರು 170 ಮಿಲಿಸೆಕೆಂಡು. ನಿಮ್ಮ ಚಿಪ್‌ನಲ್ಲಿ 1024 ವರ್ಡ್ ಇವೆ, ಅಲ್ಲಿಗೆ ಮೂರು ನಿಮಿಷ ಹತ್ತಿರ ಬಂತು. ಇದು ಕನಿಷ್ಠ. ಎಫ್‌ಟಿಡಿಐ ಕೇಬಲ್‌ನಲ್ಲಿ ಲೇಟೆನ್ಸಿ ಟೈಮರ್ (ಬಂದ ಡೇಟಾವನ್ನು ಕಂಪ್ಯೂಟರಿಗೆ ಕಳುಹಿಸುವ ಮುಂಚೆ ಕಾಯುವ ಸಮಯ) ಎಂಬುದೊಂದು ಇದೆ, ಮೊದಲಿಗೆ ಅದು 16 ಮಿಲಿಸೆಕೆಂಡಿನಲ್ಲಿರುತ್ತದೆ. ಡ್ರೈವರ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್‌ನಲ್ಲಿ 1ಕ್ಕೆ ಇಳಿಸಬಹುದು. ದುಬಾರಿ ಕೇಬಲ್ ಕೊಂಡದ್ದಕ್ಕೆ ಇಲ್ಲಿ ಸಿಗುವ ಲಾಭ ಅಷ್ಟೇ.

ನಿಧಾನವಾದರೆ ಆಗಲಿ, ಚಹಾ ಕುಡಿದು ಬರುತ್ತೇನೆ ಎಂದು ನೀವು ಹೇಳಬಹುದು. ಪಿಕ್ ಕೂಡ ಅದಕ್ಕೆ ಒಪ್ಪುತ್ತದೆ. ಕ್ಲಾಕ್ ಬರುವ ತನಕ ಕಾಯುವ ಚಿಪ್ ಅದು. ನಿಮ್ಮ ಕೆಲಸ ಕೆಟ್ಟಿರುವುದು ವೋಲ್ಟೇಜಿನಲ್ಲಿ.

ಜೆಡಿಎಂನಲ್ಲಿ ಪಿಕ್‌ನ 5 ವೋಲ್ಟ್ ಪಿನ್ ಕಂಪ್ಯೂಟರಿನ ಗ್ರೌಂಡಿಗೆ ಸೇರಿರುತ್ತದೆ, ಪಿಕ್‌ನ ಗ್ರೌಂಡ್ ಕಂಪ್ಯೂಟರಿನ ಗ್ರೌಂಡಿಗಿಂತ 5 ವೋಲ್ಟ್ ಕೆಳಗಿರುತ್ತದೆ. ಅದಕ್ಕೇ 5.1 ವೋಲ್ಟಿನ ಝೀನರ್. ಮೇಲ್ಗಡೆ ವಿಪಿಪಿಗಾಗಿ 8.2 ವೋಲ್ಟಿನ ಇನ್ನೊಂದು ಝೀನರ್. ಎರಡೂ ಸೇರಿದರೆ 13.3, ಪಿಕ್‌ನ ಕಣ್ಣಿಗೆ ಕಾಣುವ ವಿಪಿಪಿ ಅದು. 16ಎಫ್84ಎ ಪ್ರೋಗ್ರಾಂ ಸ್ಥಿತಿಗೆ ಬರಲು 12ರಿಂದ 14 ವೋಲ್ಟ್ ಕೇಳುತ್ತದೆ. ಅಂದರೆ ಟಿಎಕ್ಸ್‌ಡಿ ಎಂಟಕ್ಕಿಂತ ಮೇಲೆ ಏರಲೇಬೇಕು. ಡೆಸ್ಕ್‌ಟಾಪ್‌ನ ಪೋರ್ಟಿಗೆ ಅದು ಕಷ್ಟವಾಗಿರಲಿಲ್ಲ, ಕಂಪ್ಯೂಟರಿನ ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್‌ನ +12 ಮತ್ತು −12 ನೇರವಾಗಿ ಪೋರ್ಟಿನ ಐಸಿಗೆ ಹೋಗುತ್ತಿದ್ದವು. ಯುಎಸ್‌ಬಿ ಕೇಬಲ್‌ಗೆ ಸಿಗುವುದೇ 5 ವೋಲ್ಟ್. ಒಳಗಿನ ಸಣ್ಣ ಚಾರ್ಜ್ ಪಂಪ್ ಅದನ್ನೇ ಏರಿಸಿ ಇಳಿಸಿ, ಬಹಳಷ್ಟು ಕೇಬಲ್‌ಗಳಲ್ಲಿ ಪ್ಲಸ್ ಮೈನಸ್ 5ರಿಂದ 6 ವೋಲ್ಟ್ ಕೊಡುತ್ತದೆ. ಇದರಲ್ಲಿ ಮೋಸವೇನಿಲ್ಲ. ಆರ್‌ಎಸ್-232 ನಿಯಮ ಕಳುಹಿಸುವವನಿಂದ ಕೇಳುವುದು ಕನಿಷ್ಠ 5 ವೋಲ್ಟ್, ಕೇಳಿಸಿಕೊಳ್ಳುವವನಿಗೆ 3 ಇದ್ದರೂ ಸಾಕು. ಮಾತುಕತೆಗೆ ಅದು ಧಾರಾಳ. ಅದರ ಮೇಲೆ ಊಟ ತಿಂಡಿಯನ್ನೂ ನಿರೀಕ್ಷಿಸುವ ಜೆಡಿಎಂಗೆ ಸಾಲದು.

ಮಲ್ಟಿಮೀಟರ್ ನಿಮ್ಮ ಕೈಯಲ್ಲೇ ಇರುತ್ತದೆ. ಪ್ರೋಗ್ರಾಮರ್ ಕಳಚಿ, ಕೇಬಲ್‌ನ 5ನೇ ಪಿನ್ನಿಗೆ ಕಪ್ಪು, 3ನೇ ಪಿನ್ನಿಗೆ ಕೆಂಪು ಇಟ್ಟು ನೋಡಿ. ಸುಮ್ಮನಿರುವಾಗ ಟಿಎಕ್ಸ್‌ಡಿ ಮೈನಸ್‌ನಲ್ಲಿರುತ್ತದೆ, ಎಷ್ಟಿದೆ ಹೇಳಿ. 3ಎಫ್ಎಫ್ಎಫ್ ಬಗ್ಗೆ ಹೇಳುವುದಾದರೆ, ಹದಿನಾಲ್ಕು ಬಿಟ್ಟುಗಳೂ ಒಂದೇ ಎಂದರ್ಥ. ಖಾಲಿ ಚಿಪ್ ಕೂಡ ಹಾಗೆಯೇ ಓದುತ್ತದೆ, ಎಚ್ಚರಗೊಳ್ಳದ ಚಿಪ್ ಕೂಡ ಹಾಗೆಯೇ ಕಾಣಬಹುದು. ಪ್ರೋಗ್ರಾಂ ತುಂಬಿದ ಹಳೆಯ ಚಿಪ್ ಒಂದನ್ನು ಓದಿಸಿ. ಅದೂ 3ಎಫ್ಎಫ್ಎಫ್ ಎಂದರೆ ಅನುಮಾನ ಉಳಿಯುವುದಿಲ್ಲ.

ಪಂಪ್‌ಸೆಟ್_ಮೂಡಿಗೆರೆ

ಸರ್, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ, ಧನ್ಯವಾದ. ಮೀಟರ್ ಇಟ್ಟು ನೋಡಿದೆ, −5.8. ತೋಟದಿಂದ ವಾಪಸು ಬಂದಿದ್ದ ಬೋರ್ಡ್‌ನ ಚಿಪ್ ತೆಗೆದು ಓದಿಸಿದೆ, ಅದೂ 3ಎಫ್ಎಫ್ಎಫ್. ಅದೇ ಚಿಪ್ಪನ್ನು ಬೋರ್ಡಿಗೆ ಮರಳಿ ಹಾಕಿದರೆ ರಿಲೇ ಸರಿಯಾಗಿಯೇ ಎಳೆಯುತ್ತದೆ.

ಆದರೆ ಒಂದು ಅನುಮಾನ. ಬೇಲೂರಿನಲ್ಲಿರುವ ನನ್ನ ಸ್ನೇಹಿತ ಇಂಥದ್ದೇ ಕೇಬಲ್, ಇಂಥದ್ದೇ ಜೆಡಿಎಂ ಇಟ್ಟುಕೊಂಡು 16ಎಫ್877ಎ ಚಿಪ್ ಬರ್ನ್ ಮಾಡಿದ್ದಾನೆ. ಸಂಜೆ ಹಚ್ಚಿ ಬಿಟ್ಟರೆ ಊಟದ ಹೊತ್ತಿಗೆ ಮುಗಿಯುತ್ತದಂತೆ, ಆದರೆ ಆಗುತ್ತದೆ. ಅವನಿಗೆ ಆದದ್ದು ನನಗೆ ಏಕೆ ಆಗುವುದಿಲ್ಲ?

ಸಾಲಗಾಮೆ_ರಸ್ತೆ

ಒಳ್ಳೆಯ ಪ್ರಶ್ನೆ. ಅಂತರ್ಜಾಲದಲ್ಲಿ ‘ನನಗೆ ಆಯಿತು’, ‘ನನಗೆ ಆಗಲಿಲ್ಲ’ ಎಂದು ಜಗಳವಾಡುವವರು ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಚಿಪ್ಪಿನ ಹೆಸರು ಹೇಳುವುದನ್ನು ಮಾತ್ರ ಮರೆಯುತ್ತಾರೆ. 877ಎ ಸರಣಿಯವು ವಿಪಿಪಿಯ ವಿಷಯದಲ್ಲಿ ಸೌಮ್ಯ. ಅವುಗಳ ದಾಖಲೆಯಲ್ಲಿ ಕನಿಷ್ಠ ಮಿತಿ, ಚಿಪ್‌ಗೆ ಕೊಡುವ ವೋಲ್ಟೇಜಿಗಿಂತ ಮೂರೂವರೆ ವೋಲ್ಟ್ ಹೆಚ್ಚು, ಅಷ್ಟೇ. 5 ಕೊಟ್ಟರೆ ಎಂಟೂವರೆಗೆ ಅದು ಬಾಗಿಲು ತೆರೆಯುತ್ತದೆ. ನಿಮ್ಮ ಕೇಬಲ್‌ನಿಂದ ಜೆಡಿಎಂಗೆ ದಕ್ಕುವುದು ಹೆಚ್ಚೆಂದರೆ ಹತ್ತು, ಹನ್ನೊಂದು ವೋಲ್ಟ್. ಬೇಲೂರಿನವರ ಚಿಪ್‌ಗೆ ಅದು ಸಾಕು, ಹನ್ನೆರಡು ಕೇಳುವ ನಿಮ್ಮ ಚಿಪ್‌ಗೆ ಸಾಲದು.

ಊಟದ ಹೊತ್ತಿನ ಲೆಕ್ಕವೂ ಸರಿಯಾಗಿದೆ. 877ಎಯಲ್ಲಿ 8192 ವರ್ಡ್. ಮೇಲಿನ ದರದಲ್ಲೇ ಇಪ್ಪತ್ತಮೂರು ನಿಮಿಷ, ನಿಜದಲ್ಲಿ ಅದರ ಎಷ್ಟೋ ಪಟ್ಟು.

ಈಗ ದಾರಿ. ಪಿಕ್‌ಕಿಟ್ 2 ಮಾದರಿಯ ಪ್ರೋಗ್ರಾಮರ್ ಕೊಳ್ಳಿ. ಮೂಲ ತಯಾರಕರಾದ ಮೈಕ್ರೋಚಿಪ್‌ನವರೇ ಅದರ ಸರ್ಕ್ಯೂಟ್ ಪ್ರಕಟಿಸಿದ್ದರು, ಆದ್ದರಿಂದ ತದ್ರೂಪುಗಳು ಬೇಕಾದಷ್ಟಿವೆ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವವರಿದ್ದರೆ ಅವರ ಕೈಯಲ್ಲಿ ತರಿಸಬಹುದು. ಅದರೊಳಗೆ ಪಿಕ್ 18ಎಫ್2550 ಕೂತಿದೆ. ಯುಎಸ್‌ಬಿಯಿಂದ ಡೇಟಾವನ್ನು ಗುಂಪಾಗಿ ತೆಗೆದುಕೊಂಡು, ಕ್ಲಾಕ್ ಎತ್ತಿ ಇಳಿಸುವುದನ್ನು ತಾನೇ ಮಾಡುತ್ತದೆ. 5 ವೋಲ್ಟಿನಿಂದ ವಿಪಿಪಿಯನ್ನೂ ತಾನೇ ಏರಿಸಿಕೊಳ್ಳುತ್ತದೆ. ಮೌಸ್, ಕೀಬೋರ್ಡಿನ ವರ್ಗದಲ್ಲೇ ಗುರುತಿಸಿಕೊಳ್ಳುವುದರಿಂದ ಡ್ರೈವರ್ ಹುಡುಕುವ ಗೋಳಿಲ್ಲ. 16ಎಫ್84ಎ ಅದರ ಪಟ್ಟಿಯಲ್ಲಿದೆ. ನಿಮ್ಮ ಹೆಕ್ಸ್ ಫೈಲ್ ಇದ್ದಂತೆಯೇ ನಡೆಯುತ್ತದೆ.

ಅದು ಬರುವ ತನಕ ಕಾಯಲಾಗದಿದ್ದರೆ ಅಕ್ಕಪಕ್ಕದ ಅಂಗಡಿಯ ಬಿಲ್ಲಿಂಗ್ ಡೆಸ್ಕ್‌ಟಾಪ್‌ನ ಮುಚ್ಚಳ ತೆಗೆದು ನೋಡಿ, ಅವರ ಅನುಮತಿ ಕೇಳಿ. ಹಿಂಬದಿಯಲ್ಲಿ ಪೋರ್ಟ್ ಕಾಣದಿದ್ದರೂ ಎಷ್ಟೋ ಮದರ್‌ಬೋರ್ಡ್‌ಗಳ ಮೇಲೆ ಕಾಮ್ ಎಂದು ಬರೆದ ಹತ್ತು ಪಿನ್ನಿನ ಹೆಡರ್ ಇರುತ್ತದೆ. ಅದಕ್ಕೆ ಹಾಕುವ ಪಟ್ಟಿ ಕೇಬಲ್ ಅಗ್ಗ. ಒಂದೇ ಎಚ್ಚರ, ಆ ಪಟ್ಟಿ ಕೇಬಲ್‌ನಲ್ಲಿ ಎರಡು ಬಗೆಯ ಜೋಡಣೆ ಬಳಕೆಯಲ್ಲಿದೆ. ನೋಡಲು ಎರಡೂ ಒಂದೇ, ಒಳಗೆ ಪಿನ್ನುಗಳ ಕ್ರಮ ಬೇರೆ. ಬೋರ್ಡ್‌ನ ಕೈಪಿಡಿ ನೋಡಿ, ಮೀಟರ್‌ನ ಬಜರ್‌ನಲ್ಲಿ ಒಂದೊಂದೇ ಪಿನ್ ಹೊಂದಿಸಿಕೊಳ್ಳಿ.

ಚಿಕ್ಕಮಗಳೂರು_ಎಂಟನೇ_ಸೆಮ್

ಸರ್, ನಡುವೆ ಬಂದದ್ದಕ್ಕೆ ಕ್ಷಮಿಸಿ. ನಮ್ಮ ಲ್ಯಾಬ್‌ನಲ್ಲಿ ಪಿ89ವಿ51ಆರ್‌ಡಿ2 ಚಿಪ್‌ನ ಬೋರ್ಡ್‌ಗಳಿಗೆ ಫ್ಲ್ಯಾಶ್ ಮ್ಯಾಜಿಕ್ ಎಂಬ ತಂತ್ರಾಂಶದಿಂದ ಪ್ರೋಗ್ರಾಂ ಹಾಕುತ್ತೇವೆ, ಅಗ್ಗದ ಯುಎಸ್‌ಬಿ–ಸೀರಿಯಲ್ ಕೇಬಲ್‌ನಲ್ಲೇ ನಡೆಯುತ್ತದೆ. ಹಾಗಾದರೆ ಅದು ಹೇಗೆ? ಇನ್ನೊಂದು, ಎಫ್‌ಟಿಡಿಐನ ಎಫ್‌ಟಿ232ಆರ್ ಚಿಪ್ ಇರುವ ಮಾಡ್ಯೂಲನ್ನೇ ಎವಿಆರ್ (ಆರ್ಡುಯಿನೊ ಉನೊದಲ್ಲಿರುವ ಬಗೆಯ ಚಿಪ್) ಪ್ರೋಗ್ರಾಮರ್ ಆಗಿ ಬಳಸಬಹುದು ಎಂದು ಎವಿಆರ್‌ಡ್ಯೂಡ್ ತಂತ್ರಾಂಶದ ಕೈಪಿಡಿಯಲ್ಲಿ ಓದಿದೆ. ಅದೂ ಪಿನ್ ಅಲುಗಾಡಿಸುವುದೇ ಅಲ್ಲವೇ?

ಲಿನಕ್ಸ್ ಬಳಸುವವರಿಗೆ ಒಂದು ಮಾತು: ಉಬುಂಟು 22.04ರಲ್ಲಿ ಸಿಎಚ್340 ಸಿಕ್ಕಿಸಿದ ಕೂಡಲೇ ಪೋರ್ಟ್ ಮಾಯವಾಗುತ್ತಿದ್ದರೆ ಬಿಆರ್‌ಎಲ್‌ಟಿಟಿವೈ ಎಂಬ ಬ್ರೈಲ್ ತಂತ್ರಾಂಶ ಅದನ್ನು ತನ್ನದೆಂದು ಹಿಡಿದುಕೊಂಡಿರುತ್ತದೆ. ಬ್ರೈಲ್ ಸಾಧನ ಬಳಸದವರು ಅದನ್ನು ತೆಗೆದುಹಾಕಿದರೆ ಸರಿಯಾಗುತ್ತದೆ.

ಸಾಲಗಾಮೆ_ರಸ್ತೆ

ಕ್ಷಮೆ ಏಕೆ, ಇಷ್ಟು ಹೊತ್ತು ಯಾರಾದರೂ ಕೇಳಲಿ ಎಂದೇ ಕಾಯುತ್ತಿದ್ದೆ.

ಕೇಬಲ್ ಕೊಳ್ಳುವ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಆ ಕಡೆ ಕಾಲ ನೋಡಿಕೊಳ್ಳುವವರು ಯಾರಾದರೂ ಇದ್ದಾರೆಯೇ? ಪಿ89ವಿ51ಆರ್‌ಡಿ2 ಒಳಗೆ ಬೂಟ್‌ಲೋಡರ್ ಇದೆ. ಅದು ನಿಜವಾದ ಸೀರಿಯಲ್ ಬೈಟ್‌ಗಳನ್ನು ಓದಿ, ತನ್ನ ಫ್ಲ್ಯಾಶ್‌ಗೆ ತಾನೇ ಬರೆದುಕೊಳ್ಳುತ್ತದೆ. ಆರ್ಡುಯಿನೊ ಕೂಡ ಹಾಗೆಯೇ. ಎವಿಆರ್ ಚಿಪ್‌ಗಳ ಎಸ್‌ಟಿಕೆ500 ಬೋರ್ಡ್‌ನಲ್ಲಿ ಆ ಕೆಲಸಕ್ಕೆಂದೇ ಒಂದು ಚಿಪ್ ಇದೆ. ಇಂಥವಕ್ಕೆಲ್ಲ ಕೇಬಲ್ ಬರಿಯ ಅಂಚೆಯವನು, ಯಾವ ಚಿಪ್‌ನ ಕೇಬಲ್ ಆದರೂ ನಡೆಯುತ್ತದೆ. ಪೋನಿಪ್ರಾಗ್ ತಂತ್ರಾಂಶದ ಹಳೆಯ ಸೀರಿಯಲ್ ಪ್ರೋಗ್ರಾಮರ್‌ನಲ್ಲಿ, ಜೆಡಿಎಂನಲ್ಲಿ ಆ ಕಡೆ ಯಾರೂ ಇಲ್ಲ.

ಎಫ್‌ಟಿ232ಆರ್ ವಿಷಯ ಚೆನ್ನಾಗಿದೆ. ಅದರ ಬಿಟ್-ಬ್ಯಾಂಗ್ ಸ್ಥಿತಿಯಲ್ಲಿ ಪಿನ್ನುಗಳು ಹೀಗೆ, ಆಮೇಲೆ ಹೀಗೆ, ಆಮೇಲೆ ಹೀಗೆ ಎಂದು ಉದ್ದದ ಸರವನ್ನೇ ಒಂದು ಪ್ಯಾಕೆಟ್‌ನಲ್ಲಿ ಕಳುಹಿಸುತ್ತಾರೆ. ಚಿಪ್ ಅದನ್ನು ಬಫರ್‌ನಲ್ಲಿಟ್ಟುಕೊಂಡು ತನ್ನ ಗಡಿಯಾರಕ್ಕೆ ಸರಿಯಾಗಿ ಹೊರಗೆ ಬಿಡುತ್ತದೆ, ಅದೇ ತಾಳಕ್ಕೆ ಪಿನ್ನುಗಳನ್ನು ಓದಿ ಹಿಂದಕ್ಕೂ ಕಳುಹಿಸುತ್ತದೆ. ಯುಎಸ್‌ಬಿ ನಿಧಾನ ಎಂದು ಬೈಯುವವರಿಗೆ ಇದನ್ನೇ ತೋರಿಸುತ್ತಿದ್ದೆ. ಜೆಡಿಎಂ ಮಾಡುವುದು ಒಂದೊಂದು ಕಾಫಿ ಹಣ್ಣಿಗೂ ಗಿಡದಿಂದ ಕಣಕ್ಕೆ ನಡೆದು ಬಂದಂತೆ, ಇದು ಬುಟ್ಟಿ ತುಂಬಿಸಿ ಹೊತ್ತಂತೆ. ರಸ್ತೆ ಎರಡಕ್ಕೂ ಒಂದೇ. ಎವಿಆರ್ ಚಿಪ್‌ಗಳ ಎಸ್‌ಪಿಐ ಪ್ರೋಗ್ರಾಮಿಂಗ್‌ಗೆ 12 ವೋಲ್ಟಿನ ಹಂಗೂ ಇಲ್ಲ, ಆದ್ದರಿಂದ ಅಲ್ಲಿ ಈ ಉಪಾಯ ಸಲ್ಲುತ್ತದೆ. ಆದರೂ ಪ್ರಾಜೆಕ್ಟ್ ಗಡುವು ಹತ್ತಿರವಿದ್ದರೆ ಸುಮ್ಮನೆ ಯುಎಸ್‌ಬಿಎಎಸ್‌ಪಿ ಎಂಬ ಎವಿಆರ್ ಪ್ರೋಗ್ರಾಮರ್ ಕೊಳ್ಳಿ. ಇಲ್ಲದಿದ್ದರೆ ಆರ್ಡುಯಿನೊ ಉನೊ ಒಂದಕ್ಕೆ ಆರ್ಡುಯಿನೊ ಐಎಸ್‌ಪಿ ಸ್ಕೆಚ್ ಹಾಕಿ, ಅದರ ರೀಸೆಟ್‌ಗೂ ಗ್ರೌಂಡಿಗೂ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಡಿ.

ಬ್ರೈಲ್ ತಂತ್ರಾಂಶದ ವಿಷಯ ನನಗೆ ಹೊಸದು. ಬರೆದಿಟ್ಟುಕೊಂಡೆ.

ಪಂಪ್‌ಸೆಟ್_ಮೂಡಿಗೆರೆ

ಪಿಕ್‌ಕಿಟ್ 2 ತರಿಸಲು ಹೇಳಿದೆ. ಪಕ್ಕದ ಗೊಬ್ಬರದ ಅಂಗಡಿಯ ಕಂಪ್ಯೂಟರಿನಲ್ಲಿ ಹತ್ತು ಪಿನ್ನಿನ ಹೆಡರ್ ನಿಜವಾಗಿಯೂ ಇತ್ತು! ಹಾಳಾದ ಡೆಸ್ಕ್‌ಟಾಪ್‌ಗಳ ರಾಶಿಯಿಂದ ಪಟ್ಟಿ ಕೇಬಲ್ ಕಿತ್ತು ಹಾಕಿ, ಮೀಟರ್‌ನಲ್ಲಿ ನೋಡಿದೆ, −11ರ ಮೇಲೆ ಇದೆ. ಹಳೆಯ ಚಿಪ್ ಓದಿಸಿದರೆ ಈಗ ಬೇರೆ ಬೇರೆ ಸಂಖ್ಯೆಗಳು ಬರುತ್ತಿವೆ. ತುರ್ತಿನ ಬೋರ್ಡ್‌ಗಳಿಗೆ ಇಂದು ರಾತ್ರಿ ಅವರ ಅಂಗಡಿ ಮುಚ್ಚಿದ ಮೇಲೆ ಕೂರುತ್ತೇನೆ.

ಕೊನೆಯದೊಂದು ಸರ್. ಪಿಕ್‌ಕಿಟ್ ಬಂದ ಮೇಲೆ ಚಿಪ್ ಕಿತ್ತು ಹಾಕುವ ಬದಲು ಬೋರ್ಡ್‌ನಲ್ಲೇ ಐದು ತಂತಿ ಎಳೆದು ಬರ್ನ್ ಮಾಡಬಹುದೇ? ಪಂಪ್‌ಹೌಸಿಗೇ ಲ್ಯಾಪ್‌ಟಾಪ್ ಒಯ್ದರೆ ಕೆಲಸ ಬೇಗ ಆಗುತ್ತದೆ.

ಸಾಲಗಾಮೆ_ರಸ್ತೆ

ನಿಲ್ಲಿ ಮಾರಾಯರೇ. ಮೊದಲು ಇದಕ್ಕೆ ಉತ್ತರಿಸಿ: ನಿಮ್ಮ ಬೋರ್ಡ್‌ನ 5 ವೋಲ್ಟ್ ಎಲ್ಲಿಂದ ಬರುತ್ತದೆ? ಟ್ರಾನ್ಸ್‌ಫಾರ್ಮರ್ ಇದೆಯೇ, ಅಥವಾ ಲೈನಿನಿಂದ ಕೆಪಾಸಿಟರ್ ಮೂಲಕ ನೇರವಾಗಿ ಇಳಿಸಿದ್ದೀರಾ?

ಪಂಪ್‌ಸೆಟ್_ಮೂಡಿಗೆರೆ

ಹಳೆಯವುಗಳಲ್ಲಿ ಟ್ರಾನ್ಸ್‌ಫಾರ್ಮರ್. ಈಚಿನವುಗಳಲ್ಲಿ ಜಾಗ ಉಳಿಸಲು ಕೆಪಾಸಿಟರ್.

ಸಾಲಗಾಮೆ_ರಸ್ತೆ

ಹಾಗಾದರೆ ಈಚಿನವುಗಳ ಹತ್ತಿರಕ್ಕೂ ಲ್ಯಾಪ್‌ಟಾಪ್ ತರಬೇಡಿ. ಕೆಪಾಸಿಟರ್ ಸಪ್ಲೈನಲ್ಲಿ ಬೋರ್ಡ್‌ನ ಗ್ರೌಂಡ್ ಎಂದರೆ ಲೈನಿಗೇ ಸೇರಿದ ತಂತಿ. ಪಿಕ್‌ಕಿಟ್‌ನ ಗ್ರೌಂಡ್, ಲ್ಯಾಪ್‌ಟಾಪ್‌ನ ಗ್ರೌಂಡ್, ಅದರ ಲೋಹದ ಮೈ ಎಲ್ಲಕ್ಕೂ ಆ ವೋಲ್ಟೇಜ್ ಏರುತ್ತದೆ. ನೀವು ನಿಂತಿರುವುದು ಒದ್ದೆ ನೆಲದ ಪಂಪ್‌ಹೌಸಿನಲ್ಲಿ. ಸ್ಟಾರ್ಟರ್‌ನ ಮೇನ್ ಇಳಿಸಿದ್ದೇನೆ ಎಂಬ ಧೈರ್ಯವೂ ಬೇಡ, ಇನ್ನೊಬ್ಬ ಬಂದು ಏರಿಸಬಹುದು. ಆ ಬೋರ್ಡ್‌ಗಳಲ್ಲಿ ಐಸಿ ಸಾಕೆಟ್ ಇರಲಿ. ಚಿಪ್ಪನ್ನು ಅಂಗಡಿಯ ಮೇಜಿನ ಮೇಲೆ ಬರ್ನ್ ಮಾಡಿ, ತೋಟಕ್ಕೆ ಚಿಪ್ ಮಾತ್ರ ಒಯ್ದು, ಲೈನಿನ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡ ಮೇಲೆ ಸಾಕೆಟ್‌ಗೆ ಒತ್ತಿ.

ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಬೋರ್ಡ್‌ಗಳಿಗೆ ಮೇಜಿನ ಮೇಲೆ, ಲೈನ್ ಸಂಪರ್ಕ ಪೂರ್ತಿ ಕಳಚಿ, ಐದು ತಂತಿ ಎಳೆಯಬಹುದು: ವಿಪಿಪಿ, 5 ವೋಲ್ಟ್, ಗ್ರೌಂಡ್, ಡೇಟಾಕ್ಕೆ ಆರ್‌ಬಿ7, ಕ್ಲಾಕ್‌ಗೆ ಆರ್‌ಬಿ6. ಆ ಎರಡು ಪಿನ್ನುಗಳಿಗೆ ರಿಲೇ ಡ್ರೈವರ್ ಅಥವಾ ಎಲ್‌ಇಡಿ ಸೇರಿದ್ದರೆ ಜಂಪರ್ ಇಟ್ಟು ಬೇರ್ಪಡಿಸಿ. ವಿಪಿಪಿ ಸೇರುವ ರೀಸೆಟ್ ಪಿನ್, ಅಂದರೆ ಎಂಸಿಎಲ್‌ಆರ್ ಪಿನ್ನಿನಿಂದ 5 ವೋಲ್ಟಿಗೆ ಹೋಗುವ ರೆಸಿಸ್ಟರ್ ಜೊತೆಗೆ ಸರಣಿಯಲ್ಲಿ ಒಂದು 1ಎನ್4148 ಡಯೋಡ್ ಹಾಕಿ, ಪಟ್ಟಿ ಇರುವ ತುದಿ ಎಂಸಿಎಲ್‌ಆರ್ ಕಡೆಗಿರಲಿ. ವಿಪಿಪಿ ಏರಿದಾಗ ಅದು 5 ವೋಲ್ಟಿನ ಸಾಲಿಗೆ ನುಗ್ಗುವುದಿಲ್ಲ. ಜೆಡಿಎಂನಿಂದ ಮಾತ್ರ ಇದನ್ನು ಪ್ರಯತ್ನಿಸಬೇಡಿ. ಅದರಲ್ಲಿ ಪಿಕ್‌ನ ಗ್ರೌಂಡ್ ಕಂಪ್ಯೂಟರಿನ ಗ್ರೌಂಡ್ ಅಲ್ಲ ಎಂದು ಮೇಲೆ ಹೇಳಿದೆನಲ್ಲ. ಬೋರ್ಡ್‌ಗೆ ಅದೇ ಕಂಪ್ಯೂಟರಿನ ಯುಎಸ್‌ಬಿಯಿಂದ 5 ವೋಲ್ಟ್ ಕೊಟ್ಟಿದ್ದರೆ ಎರಡು ಗ್ರೌಂಡುಗಳೂ ಶಾರ್ಟ್ ಆಗುತ್ತವೆ. ಗೊಬ್ಬರದ ಅಂಗಡಿಯವರ ಕಂಪ್ಯೂಟರು ಅದು.